ಪ್ರಯೋಜನವಿಲ್ಲದ ಕೆಲಸದ ಬೆಲೆ

ಸಂಬಳ ಬರುವುದಿಲ್ಲ, ಪುಣ್ಯ ಬರುತ್ತದೆಂದು ಶಾಸ್ತ್ರ ಹೇಳಿಲ್ಲ, ಮಾಡದಿದ್ದರೆ ಕೇಳುವವರೂ ಇಲ್ಲ. ಆದರೂ ಜನ ಕೆಲವು ಕೆಲಸಗಳಿಗೆ ಕೈ ಹಾಕುತ್ತಾರೆ. ಐವತ್ತು ದಾಟಿದ ಮೇಲೆ ಕೊಳಲು ಕಲಿಯಲು ಕೂರುತ್ತಾರೆ, ಜೇಡಿಮಣ್ಣು ತಂದು ಬೊಂಬೆ ತಿದ್ದುತ್ತಾರೆ, ರಜೆಯ ದಿನ ಬುತ್ತಿ ಕಟ್ಟಿಕೊಂಡು ಊರಾಚೆಯ ಗುಡ್ಡ ಹತ್ತಿ ಸಂಜೆಗೆ ಮನೆ ಸೇರುತ್ತಾರೆ. ಹವ್ಯಾಸ, ತಿರುಗಾಟ ಎಂದು ಹೆಸರಿಟ್ಟು ಇವನ್ನು ಬದಿಗೆ ಸರಿಸುವುದು ವಾಡಿಕೆ. ಬದುಕಿನ ಮುಖ್ಯ ವ್ಯವಹಾರಗಳೆಲ್ಲ ಮುಗಿದು ಉಳಿದ ಹೊತ್ತಿನ ಸಂಗತಿ ಇದು ಎಂಬ ಭಾವನೆ ಅದರ ಹಿಂದಿದೆ. ಆದರೆ ಇವುಗಳೊಳಗೆ ಅಡಗಿರುವ ಪ್ರಶ್ನೆ ಸಣ್ಣದಲ್ಲ. ಪ್ರಯೋಜನವನ್ನು ಬಯಸದೆ ಮಾಡಿದ ಕೆಲಸಕ್ಕೆ ಬೆಲೆ ಇದೆಯೇ? ಇದ್ದರೆ ಆ ಬೆಲೆ ಎಲ್ಲಿಂದ ಬರುತ್ತದೆ? ವೇದಾಂತಿಗಳು ಈ ಪ್ರಶ್ನೆಯನ್ನು ಮನುಷ್ಯರ ಬಗ್ಗೆ ಕೇಳುವ ಮೊದಲು ದೇವರ ಬಗ್ಗೆಯೇ ಕೇಳಿದ್ದರು.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಒಂದು ಆಕ್ಷೇಪ ಬರುತ್ತದೆ. ಬುದ್ಧಿಯುಳ್ಳವರು ಪ್ರಯೋಜನವಿಲ್ಲದೆ ಯಾವ ಕೆಲಸಕ್ಕೂ ಇಳಿಯುವುದಿಲ್ಲ. ಬ್ರಹ್ಮವಾದರೋ ಪೂರ್ಣ, ಅದಕ್ಕೆ ಕೊರತೆಯೆಂಬುದೇ ಇಲ್ಲ. ಕೊರತೆಯಿಲ್ಲದವನಿಗೆ ಸೃಷ್ಟಿಯಿಂದ ಆಗಬೇಕಾದ್ದಾದರೂ ಏನು? ಪ್ರಯೋಜನ ಇದೆ ಎಂದರೆ ಪೂರ್ಣತೆಗೆ ಕುಂದು, ಇಲ್ಲ ಎಂದರೆ ಸೃಷ್ಟಿ ಬುದ್ಧಿಗೇಡಿಯ ಕೆಲಸವಾಗುತ್ತದೆ. ಈ ಇಕ್ಕಟ್ಟಿನಿಂದ ಹೊರಬರಲು ಸೂತ್ರಕಾರರು ಲೋಕದ ಕಡೆ ಕೈ ತೋರಿಸುತ್ತಾರೆ. ಲೋಕದಲ್ಲಿ ಆಟವೆಂಬುದು ಇದೆಯಲ್ಲ, ಸೃಷ್ಟಿಯೂ ಹಾಗೆಯೇ ಎಂಬುದು ಅವರ ಉತ್ತರ.

ಈ ಒಂದು ಸೂತ್ರಕ್ಕೆ ಮೂವರು ಆಚಾರ್ಯರು ಕೊಟ್ಟ ಉದಾಹರಣೆಗಳು ಬೇರೆ ಬೇರೆಯಾಗಿವೆ. ಶಂಕರರು ಬೇಕಾದುದೆಲ್ಲ ಕೈಸೇರಿದ ಅರಸನೋ ಅಮಾತ್ಯನೋ ವಿಹಾರಸ್ಥಳಗಳಲ್ಲಿ ಆಡುವುದನ್ನು ಹೇಳಿ, ಅಷ್ಟಕ್ಕೆ ನಿಲ್ಲದೆ ಉಸಿರಾಟದ ಮಾತೆತ್ತುತ್ತಾರೆ. ಉಸಿರು ಹೊರಗಿನ ಯಾವ ಉದ್ದೇಶಕ್ಕೂ ಕಾಯದೆ ಸ್ವಭಾವದಿಂದಲೇ ಬಂದು ಹೋಗುತ್ತದೆ. ರಾಮಾನುಜರು ಏಳು ದ್ವೀಪಗಳ ಭೂಮಿಯನ್ನು ಆಳುವ ಮಹಾರಾಜನ ಕೈಗೆ ಚೆಂಡು ಕೊಡುತ್ತಾರೆ. ಗೆಲ್ಲಬೇಕಾದ್ದು ಏನೂ ಉಳಿಯದ ಅವನು ಚೆಂಡಾಡುವುದು ಆಟಕ್ಕಾಗಿಯೇ. ಮಧ್ವರ ಉದಾಹರಣೆ ಇನ್ನೂ ಬಿಸಿಯಾದದ್ದು: ಸುಖ ಉಕ್ಕಿ ಮತ್ತನಾದವನು ಕುಣಿಯುತ್ತಾನೆ, ಹಾಡುತ್ತಾನೆ, ಏನನ್ನಾದರೂ ಪಡೆಯಲು ಅಲ್ಲ, ಒಳಗಿನ ಸುಖ ಒಳಗೆ ಹಿಡಿಸದೆ ಹೋದದ್ದರಿಂದ. ಸ್ವಭಾವ, ಸ್ವಾತಂತ್ರ್ಯ, ಉಕ್ಕು ಎಂಬ ಮೂರು ಬೇರೆ ಬೇರೆ ನೆಲೆಗಳಿಂದ ಮೂವರೂ ಒಂದು ವಿಷಯದಲ್ಲಿ ಕೂಡುತ್ತಾರೆ. ಪ್ರಯೋಜನವಿಲ್ಲದ ಕೆಲಸ ಹುಟ್ಟುವುದು ಕೊರತೆಯಿಂದಲ್ಲ, ತುಂಬಿಕೊಂಡ ಸ್ಥಿತಿಯಿಂದ.

ಈ ವಾದ ನಡೆಯುವ ದಿಕ್ಕನ್ನು ಗಮನಿಸಬೇಕು. ಇಲ್ಲಿ ದೇವರ ಲೀಲೆ ಸಾಧಿಸಬೇಕಾದ ವಿಷಯ. ಮನುಷ್ಯರ ಆಟ ಎಲ್ಲರೂ ಒಪ್ಪಿದ ದೃಷ್ಟಾಂತ. ಜಗತ್ತಿನ ಹುಟ್ಟನ್ನು ಅರ್ಥ ಮಾಡಿಕೊಳ್ಳಲು ಆಚಾರ್ಯರಿಗೆ ಯಜ್ಞವೂ ಬೇಸಾಯವೂ ಸಾಲದೆ, ಚೆಂಡಾಟ ಮತ್ತು ಹಾಡು ಬೇಕಾದವು. ಹವ್ಯಾಸವನ್ನು ಹಗುರವಾಗಿ ಕಾಣುವವರು ಈ ಮರ್ಯಾದೆಯನ್ನು ಮರೆಯುತ್ತಾರೆ. ಹಾಗೆಂದು ಮನುಷ್ಯರ ಆಟ ಪೂರ್ತಿ ನಿರುದ್ದೇಶವೆಂದು ಶಂಕರರು ಹೇಳುವುದಿಲ್ಲ. ಲೋಕದ ಆಟಗಳಲ್ಲಿ ಸೂಕ್ಷ್ಮವಾದ ಯಾವುದಾದರೂ ಪ್ರಯೋಜನವನ್ನು ಊಹಿಸಬಹುದು, ಈಶ್ವರನಲ್ಲಿ ಅದೂ ಇಲ್ಲ ಎಂದು ಅವರು ಸೇರಿಸುತ್ತಾರೆ. ಸಣ್ಣ ಟಿಪ್ಪಣಿಯಂತೆ ಬರುವ ಈ ಮಾತು ಬಹಳ ಪ್ರಾಮಾಣಿಕವಾದದ್ದು. ಚಿತ್ರ ಬರೆಯುವವರಿಗೆ ಮೆಚ್ಚುಗೆಯ ಆಸೆ ಒಂದಿಷ್ಟು ಇದ್ದೇ ಇರುತ್ತದೆ, ಗುಡ್ಡ ಹತ್ತುವವರಿಗೆ ಮೈ ಹಗುರಾಗುವ ಆಸೆ ಇರುತ್ತದೆ. ಆ ಆಸೆ ಇದ್ದ ಮಾತ್ರಕ್ಕೆ ಆಟ ಆಟವಲ್ಲವಾಗುವುದಿಲ್ಲ.

ಲೀಲೆಯನ್ನು ಗೀತೆಯ ನಿಷ್ಕಾಮಕರ್ಮದೊಡನೆ ಒಂದು ಮಾಡುವುದೂ ಸರಿಯಲ್ಲ. ಗೀತೆ ಬಿಡಬೇಕೆನ್ನುವುದು ಫಲದ ಮೇಲಿನ ಹಂಬಲವನ್ನು, ಕೆಲಸವನ್ನಲ್ಲ. ಆ ಕೆಲಸವಾದರೂ ಕರ್ತವ್ಯ. ಅರ್ಜುನನಿಗೆ ಅದು ಯುದ್ಧ. ಹವ್ಯಾಸಕ್ಕೆ ಕರ್ತವ್ಯದ ಕಟ್ಟು ಇಲ್ಲ. ಇಂದು ಹಿಡಿದದ್ದನ್ನು ನಾಳೆ ಬಿಡಬಹುದು. ಬಿಡಬಹುದಾದದ್ದನ್ನು ಬಿಡದೆ ಮಾಡುವುದರಲ್ಲೇ ಅದರ ಗುಣವಿದೆ.

ಶಾಸ್ತ್ರದ ಮಾತಿನಿಂದ ಚರಿತ್ರೆಗೆ ಬಂದರೆ, ಆಟ ವಿಹಾರಗಳಿಗೆ ಅರಮನೆ ಕೊಟ್ಟ ಗೌರವದ ದೊಡ್ಡ ದಾಖಲೆ ಕನ್ನಡ ನಾಡಿನದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಆರನೆಯ ವಿಕ್ರಮಾದಿತ್ಯನ ಮಗ. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಸುಮಾರು 1130ರಲ್ಲಿ ರಚನೆಯಾಯಿತು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಒಟ್ಟು ನೂರು ವಿಷಯಗಳು ಅದರಲ್ಲಿವೆ. ಮೊದಲ ಎರಡು ರಾಜ್ಯವನ್ನು ಪಡೆಯುವುದು, ಅದನ್ನು ಗಟ್ಟಿ ಮಾಡುವುದು. ಮೂರನೆಯದು ಉಪಭೋಗ. ಉಳಿದ ಎರಡು ಇಡಿಯಾಗಿ ವಿನೋದ ಮತ್ತು ಕ್ರೀಡೆ. ಅರಸನೊಬ್ಬನ ತಿಳಿವಳಿಕೆಯ ಪೂರ್ಣ ಪಟ್ಟಿಯಲ್ಲಿ ಐದರಲ್ಲಿ ಎರಡು ಪಾಲು ಈ ವಿಷಯಕ್ಕೆ ಮೀಸಲು. ವಿನೋದದಲ್ಲಿ ಹಾಡು, ವಾದ್ಯ, ನೃತ್ಯ, ಕಥೆ ಇವೆ. ಕ್ರೀಡೆಯಲ್ಲಿ ಉಯ್ಯಾಲೆ, ಒಗಟು, ಚದುರಂಗ, ಕವಡೆ ಇವೆ. ಇಂದಿನವರು ಹತ್ತಿರದ ತಿರುಗಾಟ ಎನ್ನುವ ಬಗೆಯೂ ಅಲ್ಲಿ ಬೇರೆ ಬೇರೆ ಹೆಸರು ಪಡೆದಿದೆ: ಗುಡ್ಡದ ವಿಹಾರ, ವನದ ವಿಹಾರ, ನೀರಾಟ, ಹಸಿರು ಹುಲ್ಲಿನ ಮೇಲಿನ ಆಟ, ಮರಳಿನ ಆಟ, ಬೆಳದಿಂಗಳ ಆಟ, ಪೈರಿನ ಹೊಲದ ವಿಹಾರ. ಬೆಳದಿಂಗಳಿಗೆ ಒಂದು, ಮರಳಿಗೆ ಒಂದು ಅಧ್ಯಾಯ ತೆಗೆದಿಡುವ ಮನಸ್ಸು ಸಾಮಾನ್ಯದ್ದಲ್ಲ. ಯಾವ ಸಂತೋಷಕ್ಕೆ ಯಾವ ಜಾಗ, ಯಾವ ಹೊತ್ತು ಎಂದು ಅದು ಬಿಡಿಸಿ ನೋಡಿದೆ.

ಅದೇ ಪುಸ್ತಕ ಈ ವಿಷಯದ ಕಷ್ಟವನ್ನೂ ಮುಂದಿಡುತ್ತದೆ. ವಿನೋದಗಳ ಸಾಲಿನಲ್ಲಿ ಬೇಟೆ, ಮೀನು ಹಿಡಿಯುವುದು, ಕೋಳಿ ಟಗರು ಕೋಣಗಳ ಕಾಳಗ ಇವೆಲ್ಲ ಸೇರಿವೆ. ಒಬ್ಬನ ಸಂತೋಷಕ್ಕೆ ಇನ್ನೊಂದು ಜೀವ ಬೆಲೆ ತೆರುತ್ತದೆ. ಈ ಬಗೆಯ ಆಟದ ಮೇಲೆ ಬಹಳ ಹಿಂದೆಯೇ ಕಣ್ಣಿಟ್ಟವರು ಜೈನ ಆಚಾರ್ಯರು. ಶ್ರಾವಕರ, ಎಂದರೆ ಜೈನ ಗೃಹಸ್ಥರ, ವ್ರತಗಳಲ್ಲಿ ಅನರ್ಥದಂಡದಿಂದ ದೂರವಿರುವುದು ಒಂದು: ಅಗತ್ಯವೇ ಇಲ್ಲದೆ ಆಗುವ ಹಿಂಸೆಯನ್ನು ಬಿಡುವುದು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಅದನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಈ ಚರ್ಚೆಗೆ ನೇರವಾಗಿ ತಾಗುತ್ತದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಎರಚುವುದು, ಬೆಂಕಿ ಹಚ್ಚುವುದು, ಗಾಳಿ ಬೀಸುವುದು, ಗಿಡ ಕೀಳುವುದು, ಸುಮ್ಮನೆ ತಿರುಗಾಡುವುದು, ಇತರರನ್ನು ತಿರುಗಾಡಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಬದುಕಿಗೆ ಬೇಕಾದ ಬೇಸಾಯದಲ್ಲಿ ಆಗುವ ಹಿಂಸೆಗೆ ಗೃಹಸ್ಥನಿಗೆ ಒಂದಿಷ್ಟು ವಿನಾಯಿತಿ ಉಂಟು. ಆದರೆ ಬೇಸರ ಕಳೆಯಲು ಎಲೆ ಕಿತ್ತರೆ ಅದಕ್ಕೆ ಹೇಳಿಕೊಳ್ಳಲು ಕಾರಣವೂ ಇಲ್ಲ. ಪ್ರಯೋಜನವಿಲ್ಲದಿರುವುದೇ ಇಲ್ಲಿ ದೋಷವನ್ನು ಹೆಚ್ಚಿಸುತ್ತದೆ. ವೇದಾಂತಿಗಳು ದೇವರಲ್ಲಿ ಮೆಚ್ಚಿದ ಗುಣವನ್ನು ಜೈನರು ಮನುಷ್ಯರಲ್ಲಿ ಸಂಶಯದಿಂದ ನೋಡಿದರು.

ಬೌದ್ಧ ಗ್ರಂಥಗಳಲ್ಲೂ ಇದಕ್ಕೆ ಹತ್ತಿರದ ಎಚ್ಚರವಿದೆ. ದೀಘನಿಕಾಯದ ಮೊದಲ ಸುತ್ತ ಬುದ್ಧ ಆಡದ ಆಟಗಳ ಪಟ್ಟಿಯನ್ನೇ ಕೊಡುತ್ತದೆ. ಹಲಗೆಯ ಮೇಲಿನ ಆಟಗಳು, ದಾಳ, ಚೆಂಡು, ಎಲೆಯ ಪೀಪಿ, ಆಟಿಕೆಯ ನೇಗಿಲು ಅದರಲ್ಲಿವೆ. ಆದರೆ ಆ ಮಾತು ಹೊತ್ತನ್ನೆಲ್ಲ ಸಾಧನೆಗೆ ಕೊಟ್ಟ ಸನ್ಯಾಸಿಯ ಶೀಲದ ಕುರಿತದ್ದು. ಗೃಹಸ್ಥರಿಗೆ ಅದನ್ನು ಹಾಗೆಯೇ ಹೊರಿಸಲಾಗದು. ಜೈನರ ಎಚ್ಚರವಾದರೋ ಗೃಹಸ್ಥರಿಗೇ ಹೇಳಿದ್ದು, ಇಂದಿಗೂ ಹಳತಾಗಿಲ್ಲ. ವಿಹಾರಕ್ಕೆ ಹೋದವರು ಬಂಡೆಯ ಮೇಲೆ ಹೆಸರು ಕೆತ್ತಿ, ಜಲಪಾತದ ಬುಡದಲ್ಲಿ ಬಾಟಲಿ ಎಸೆದು ಬಂದರೆ ಅದು ಸಮಂತಭದ್ರರು ಹೇಳಿದ ಪ್ರಮಾದವೇ. ಹವ್ಯಾಸಕ್ಕೆ ಬೆಲೆ ಇದೆ ಎನ್ನುವವರು ಮೊದಲು ದಾಟಬೇಕಾದ ಹೊಸ್ತಿಲು ಇದು.

ಎರಡನೆಯ ಆಕ್ಷೇಪ ಹುಟ್ಟಿದ್ದು ಸೋಮೇಶ್ವರನ ರಾಜಧಾನಿಯಲ್ಲೇ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ‘ಮಾನಸೋಲ್ಲಾಸ’ ಹುಟ್ಟಿ ಸುಮಾರು ಮೂರು ದಶಕ ಕಳೆಯುವಷ್ಟರಲ್ಲಿ, ಬಿಜ್ಜಳನ ಆಳ್ವಿಕೆಯಲ್ಲಿ, ಅಲ್ಲಿ ಬಸವಣ್ಣನವರ ಸುತ್ತ ಸೇರಿದ ಶರಣರು ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ, ಬಿದಿರು ಹೆಣೆಯುವ ಮೇದಾರ ಕೇತಯ್ಯ. ಒಂದೇ ಊರು ಎರಡು ತಲೆಮಾರಿನೊಳಗೆ ಎರಡು ಉತ್ತರ ಕೊಟ್ಟಿತು: ಅರಮನೆಗೆ ವಿನೋದ, ಬಸವಣ್ಣನವರ ಮಹಾಮನೆಗೆ ಕಾಯಕ. ಕಾಯಕದ ತತ್ತ್ವದಲ್ಲಿ ದುಡಿಮೆಯೇ ಪೂಜೆ. ಗುರು ಲಿಂಗ ಜಂಗಮರಿಗೂ ಅದರಿಂದ ಬಿಡುಗಡೆಯಿಲ್ಲ. ಹಾಗಾದರೆ ದುಡಿಮೆಯಲ್ಲದ ಹೊತ್ತಿಗೆ ಅಲ್ಲಿ ಜಾಗವೆಲ್ಲಿ ಎಂದು ಕೇಳಬಹುದು. ಕಾಯಕವನ್ನು ಇಂದು ದಣಿವರಿಯದ ದುಡಿಮೆಯ ಘೋಷಣೆಯನ್ನಾಗಿ ಕಚೇರಿಯ ಗೋಡೆಗಳ ಮೇಲೆ ಬರೆಸುವವರು ಕೇಳದೆಯೂ ಉತ್ತರಿಸುತ್ತಾರೆ: ಜಾಗವಿಲ್ಲ ಎಂದು. ಆದರೆ ಶರಣರ ಕಥೆಗಳು ಹಾಗೆ ಹೇಳುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮ, ಆಯ್ದಕ್ಕಿ ಮಾರಯ್ಯ ದಂಪತಿಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ತಂದಲ್ಲಿಗೇ ಹಾಕಿ ಬರಲು ಹೇಳಿದಳು. ಈ ಕಥೆಯನ್ನು ಸಾಮಾನ್ಯವಾಗಿ ಅಪರಿಗ್ರಹದ ಪಾಠವೆಂದು ಓದುತ್ತಾರೆ. ಅದರಲ್ಲಿ ಕಾಲದ ಲೆಕ್ಕವೂ ಇದೆ. ಇಷ್ಟು ಸಾಕು ಎಂದ ಮನೆಗೆ ಇನ್ನಷ್ಟನ್ನು ಕೂಡಿಡಲು ಹೋಗುವ ಹೊತ್ತು ಉಳಿಯುತ್ತದೆ. ಆ ಉಳಿದ ಹೊತ್ತಿನಲ್ಲಿ ಶರಣರು ಅನುಭವಗೋಷ್ಠಿಯಲ್ಲಿ ಕೂತರು, ವಚನ ಕಟ್ಟಿದರು. ಬಟ್ಟೆ ಒಗೆದ, ದೋಣಿ ನಡೆಸಿದ, ಅಕ್ಕಿ ಆಯ್ದ ಜನರಿಂದ ಅಷ್ಟೊಂದು ಕವಿತೆ ಬಂದದ್ದು ದುಡಿಮೆ ಅವರ ದಿನವನ್ನೆಲ್ಲ ನುಂಗದೆ ಇದ್ದುದರಿಂದ. ಲಕ್ಕಮ್ಮನೂ ವಚನಕಾರ್ತಿಯೇ. ಲೀಲೆ ತುಂಬಿದ ಸ್ಥಿತಿಯಿಂದ ಹುಟ್ಟುತ್ತದೆ ಎಂದು ಶಂಕರರೂ ರಾಮಾನುಜರೂ ಹೇಳಿದಾಗ ದೃಷ್ಟಾಂತಕ್ಕೆ ಅರಸ ಬೇಕಾಗಿದ್ದ. ಎಲ್ಲ ಇದ್ದವನಷ್ಟೇ ಆಡಬಲ್ಲ ಎಂಬ ಎಣಿಕೆ ಅಲ್ಲಿತ್ತು. ಬಡ ಹೆಂಗಸೊಬ್ಬಳು ಸಾಕು ಎಂದಾಗ ಆ ತುಂಬಿದ ಸ್ಥಿತಿ ಅರಮನೆಯಿಂದ ಇಳಿದು ಗುಡಿಸಲಿಗೆ ಬಂತು. ಹವ್ಯಾಸದ ತತ್ತ್ವಕ್ಕೆ ಕನ್ನಡ ನಾಡು ಕೊಟ್ಟ ಅತಿ ದೊಡ್ಡ ಕೊಡುಗೆ ಇದೇ ಎನ್ನಬೇಕು.

ಗ್ರೀಕ್ ಚಿಂತನೆಯಲ್ಲಿ ಅರಿಸ್ಟಾಟಲ್ ಇದರ ಇನ್ನೊಂದು ಮಗ್ಗುಲನ್ನು ಬಿಡಿಸಿದ. ವಿಶ್ರಾಂತಿಯನ್ನೂ ಬಿಡುವನ್ನೂ ಅವನು ಒಂದೆಂದು ಎಣಿಸಲಿಲ್ಲ. ದಣಿದವನು ಮತ್ತೆ ದುಡಿಯಲು ಅಣಿಯಾಗುವುದಕ್ಕೆ ತೆಗೆದುಕೊಳ್ಳುವ ಆಟ ಔಷಧಿಯಿದ್ದಂತೆ, ಅದು ದುಡಿಮೆಯ ಸೇವೆಯಲ್ಲೇ ಇದೆ. ಬಿಡುವು ಹಾಗಲ್ಲ, ದುಡಿಮೆ ಇರುವುದು ಅದಕ್ಕಾಗಿ. ಇಂದು ಹವ್ಯಾಸವನ್ನು ಸಮರ್ಥಿಸುವವರು ಮೊದಲು ಹೇಳುವುದು ಒತ್ತಡ ಕಡಿಮೆಯಾಗುತ್ತದೆ, ಕೆಲಸದ ಗುಣಮಟ್ಟ ಹೆಚ್ಚುತ್ತದೆ ಎಂದು. ಅರಿಸ್ಟಾಟಲ್‌ನ ಕಣ್ಣಿನಲ್ಲಿ ಅದು ಔಷಧಿಯ ಮಾತು, ಬಿಡುವಿನ ಮಾತಲ್ಲ. ‘ಪಾಲಿಟಿಕ್ಸ್’ ಗ್ರಂಥದ ಕೊನೆಯ ಭಾಗದಲ್ಲಿ ಅವನು ಎಳೆಯರು ಹಾಡು ವಾದ್ಯ ಕಲಿಯಬೇಕು, ಆದರೆ ಸ್ಪರ್ಧೆಯ ಕಲಾವಿದರ ಕಸರತ್ತಿನ ಮಟ್ಟಕ್ಕೆ ಹೋಗಬಾರದು ಎನ್ನುತ್ತಾನೆ. ಒಳ್ಳೆಯ ಸಂಗೀತವನ್ನು ಸವಿಯುವಷ್ಟು ಕೈಯಿಂದ ಕಲಿತರೆ ಸಾಕು. ಹವ್ಯಾಸಿಗಳ ಪರವಾಗಿ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ಮಾತು ಸಿಗುವುದು ಅಪರೂಪ. ಆದರೆ ಆ ಬಿಡುವಿನ ಅಡಿಯಲ್ಲಿ ಗುಲಾಮರ ದುಡಿಮೆ ಇತ್ತು, ಅದನ್ನು ಅರಿಸ್ಟಾಟಲ್ ತಪ್ಪೆಂದು ಕಾಣಲಿಲ್ಲ. ಕಲ್ಯಾಣದ ಶರಣರು ಅವನನ್ನು ಮೀರುವುದು ಇಲ್ಲಿ: ದುಡಿಯುವ ಕೈಯೂ ಕಟ್ಟುವ ಕೈಯೂ ಒಂದೇ ಆದದ್ದು ಅವರಲ್ಲಿ. ಯೆಹೂದ್ಯರ ಸಬ್ಬತ್ ದಿನವೂ ಬೇರೊಂದು ದಾರಿಯಿಂದ ಇದೇ ನ್ಯಾಯಕ್ಕೆ ಬರುತ್ತದೆ. ವಾರಕ್ಕೊಂದು ದಿನದ ಆ ಬಿಡುವು ಯಜಮಾನನಿಗೆ ಮಾತ್ರವಲ್ಲ, ಆಳಿಗೂ ಎತ್ತಿಗೂ ಸೇರಿದ್ದು. ಇದನ್ನೇ ಹೋಲುವಂತೆ, ಸೋಮವಾರ ಎತ್ತು ಹೂಡದ ಪದ್ಧತಿ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇದೆ.

ಈ ಮಾತುಗಳೆಲ್ಲ ಒಂದು ವಸ್ತುವಿನಲ್ಲಿ ಕೂಡುವುದನ್ನು ನೋಡಬೇಕಾದರೆ ಮಲೆನಾಡಿನ ಭೂಮಿ ಹುಣ್ಣಿಮೆಯ ಬುಟ್ಟಿ ತಕ್ಕದ್ದು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಆಶ್ವಯುಜ ಮಾಸದ ಹುಣ್ಣಿಮೆಗೆ ಮುಂಚೆ ಹೆಂಗಸರು ಭೂಮಣ್ಣಿ ಬುಟ್ಟಿಯನ್ನು ಅಣಿಗೊಳಿಸುತ್ತಾರೆ. ಬಿದಿರ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚುತ್ತಾರೆ. ನೆನೆದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ ಬಣ್ಣ, ಪುಂಡಿಯ ನಾರು ಕಟ್ಟಿದರೆ ಕುಂಚ. ಆ ಕುಂಚದಿಂದ ಕೆಂಪು ನೆಲದ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳು ಸಾಲು ಸಾಲಾಗಿ ಏಳುತ್ತವೆ, ನಡುವೆ ಭತ್ತದ ಸಸಿಗಳು. ಬುಟ್ಟಿಯ ಮೈ ಗುಂಡಗಿರುವುದರಿಂದ ಗೆರೆ ಎಳೆಯುವ ಕೈ ಒಂದು ಸುತ್ತು ಬರುವ ತನಕ ಅಳತೆ ತಪ್ಪಬಾರದು. ಹೊರಟಲ್ಲಿಗೇ ಬಂದು ಕೂಡಬೇಕು. ಅಳೆಯಲು ಪಟ್ಟಿಯಿಲ್ಲ, ಅಡಿಯಲ್ಲಿ ಪೆನ್ಸಿಲಿನ ಗುರುತಿಲ್ಲ. ಗೋಡೆಯ ಮೇಲಿನ ಹಸೆ ಚಿತ್ತಾರ ಬರೆಯುವ ಕೈಗಳೇ ಇವು. ಹುಣ್ಣಿಮೆಯ ಹಿಂದಿನ ರಾತ್ರಿ ಬಗೆಬಗೆಯ ಸೊಪ್ಪು, ಕಡುಬು ಬೇಯುತ್ತವೆ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಅಡುಗೆಯನ್ನು ಪೈರಿನ ನಡುವೆ ಬೀರುತ್ತಾರೆ. ಆಗ ಭತ್ತ ಹೊಡೆ ತುಂಬಿರುವ ಕಾಲ. ಭೂಮಿಗೆ ಇದು ಬಸುರಿಯ ಬಯಕೆಯ ಊಟ. ಆಮೇಲೆ ಮನೆಯವರೆಲ್ಲ ಅಲ್ಲೇ ಗದ್ದೆಯ ಬದಿಯಲ್ಲಿ ಕೂತು ಉಣ್ಣುತ್ತಾರೆ.

ಇದು ಪೂಜೆ, ಇದು ಕಲೆ, ಇದು ವಿಹಾರ ಎಂದು ಬೇರೆ ಮಾಡಲು ಬರುವುದಿಲ್ಲ. ಪ್ರಯೋಜನವಿಲ್ಲವೆಂದೂ ಹೇಳಲಾಗದು, ಭೂಮಿಯನ್ನು ತಣಿಸುವ ಉದ್ದೇಶ ಇದೆ. ಆದರೆ ಅಡುಗೆ ಹೊರಲು ಬುಟ್ಟಿ ಬೇಕು, ಹಬ್ಬಕ್ಕೆ ಚಿತ್ತಾರ ಬೇಕು ಎಂಬಷ್ಟನ್ನು ಸಂಪ್ರದಾಯ ಹೇಳುತ್ತದೆ. ಗೆರೆ ಇಷ್ಟು ಸಣ್ಣಗೆ, ಸಾಲು ಇಷ್ಟು ಒತ್ತಾಗಿ ಇರಬೇಕೆಂದು ಯಾರೂ ಕಟ್ಟು ಮಾಡಿಲ್ಲ. ಕಡ್ಡಾಯ ಮುಗಿದ ಮೇಲೂ ಕೈ ನಿಲ್ಲದೆ ಮುಂದುವರಿದ ಆ ಭಾಗವೇ ಲೀಲೆ. ಶಂಕರರು ಹೇಳಿದ ಸೂಕ್ಷ್ಮ ಪ್ರಯೋಜನವೂ ಮಧ್ವರು ಹೇಳಿದ ಉಕ್ಕೂ ಒಂದೇ ಬುಟ್ಟಿಯ ಮೈಮೇಲೆ ಇವೆ. ಸೋಮೇಶ್ವರನ ಪೈರಿನ ಹೊಲದ ವಿಹಾರವನ್ನು ನೆನೆಸಿಕೊಂಡರೆ ಬೀದರ್, ಕಲಬುರಗಿಯ ಎಳ್ಳಮಾವಾಸ್ಯೆಯೂ ಕಣ್ಣಿಗೆ ಬರುತ್ತದೆ. ಅಂದು ಆ ಸೀಮೆಯ ಮನೆಮಂದಿ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯನ್ನು ಪೈರಿಗೆ ಚರಗವಾಗಿ ಚೆಲ್ಲಿ, ನೆಂಟರಿಷ್ಟರೊಡನೆ ಜೋಳದ ಬೆಳೆಯ ನಡುವೆ ಉಣ್ಣುತ್ತಾರೆ. ಹೊಲ ಅವರಿಗೆ ದಿನವೂ ದುಡಿಯುವ ಜಾಗ. ಅದೇ ಜಾಗಕ್ಕೆ ಒಂದು ದಿನ ಅತಿಥಿಗಳಾಗಿ ಹೋಗುತ್ತಾರೆ.

ದೂರದ ಯಾತ್ರೆಗೆ ಧರ್ಮಗಳು ಕೊಟ್ಟ ಮಹಿಮೆ ಎಲ್ಲರಿಗೂ ಗೊತ್ತು. ಹತ್ತಿರಕ್ಕೂ ಒಂದು ಧರ್ಮವಿದೆ ಎಂದು ಹೇಳಿದ್ದು ಜೈನರ ದಿಗ್ವ್ರತ, ದೇಶವ್ರತಗಳು. ಶ್ರಾವಕ ತಾನು ಯಾವ ದಿಕ್ಕಿಗೆ ಎಷ್ಟು ದೂರ ಹೋಗಬಹುದೆಂದು ತಾನೇ ಎಲ್ಲೆ ಹಾಕಿಕೊಳ್ಳುತ್ತಾನೆ. ಒಂದು ದಿನಕ್ಕೋ ತಿಂಗಳಿಗೋ ಆ ಎಲ್ಲೆಯನ್ನು ಇನ್ನೂ ಕಿರಿದು ಮಾಡಿ ಮನೆ, ಊರು, ಹೊಲ, ಹೊಳೆಯವರೆಗೆ ಎಂದು ಗೊತ್ತು ಮಾಡುತ್ತಾನೆ. ಎಲ್ಲೆಯಾಚೆಗೆ ತನ್ನಿಂದ ಹಿಂಸೆಯೂ ಆಗದು, ಆಸೆಯೂ ಹೋಗದು ಎಂಬುದು ಅದರ ತರ್ಕ. ವಿಹಾರವನ್ನು ಸಂಶಯಿಸಿದ ಅದೇ ಸಂಪ್ರದಾಯದಿಂದ ಹತ್ತಿರದ ವಿಹಾರಕ್ಕೆ ಒಂದು ಸಮರ್ಥನೆ ಹೀಗೆ ದೊರಕುತ್ತದೆ. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1862ರಲ್ಲಿ ಪ್ರಕಟವಾದ ‘ವಾಕಿಂಗ್’ ಪ್ರಬಂಧದಲ್ಲಿ ಬೇರೆ ಕಾರಣದಿಂದ ಇಲ್ಲಿಗೇ ಬರುತ್ತಾನೆ. ಮನೆಯ ಸುತ್ತಿನ ಹತ್ತು ಮೈಲಿಯ ನೆಲವೂ ಎಪ್ಪತ್ತು ವರ್ಷದ ಮನುಷ್ಯಾಯುಷ್ಯವೂ ಒಂದಕ್ಕೊಂದು ಸರಿಸಾಟಿ. ಎರಡೂ ಪೂರ್ತಿ ಪರಿಚಯವಾಗಿ ಮುಗಿಯುವಂಥವಲ್ಲ ಎಂಬುದು ಅವನ ಅಭಿಪ್ರಾಯ.

ಬೆಂಗಳೂರಿನಂಥ ಊರು ಈ ಮಾತಿಗೆ ಸಾಕ್ಷಿ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲಿನ ಅತಿ ಹಳೆಯ ಕಲ್ಲುಗಳ ಸಾಲಿಗೆ ಸೇರುವ ಆ ಶಿಲೆಯ ಮೇಲೆ ಜನ ಸಂಜೆ ಕಡಲೆಕಾಯಿ ತಿನ್ನುತ್ತಾ ಕೂರುತ್ತಾರೆ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ವೀರಗಲ್ಲು ಸಿಕ್ಕಿದೆ; ಗಂಗರ ಶ್ರೀಪುರುಷನ ಕಾಲದಲ್ಲಿ ಊರಿಗಾಗಿ ಹೋರಾಡಿ ಸತ್ತ ಕಿತ್ತಯ್ಯನ ಹೆಸರು ಅದರ ಮೇಲಿದೆ. ಬೇಗೂರಿನ ನಾಗೇಶ್ವರ ದೇವಾಲಯದ ಶಾಸನದಲ್ಲಿ ಸುಮಾರು ಕ್ರಿ.ಶ. 890ರಷ್ಟು ಹಿಂದೆ ಬೆಂಗಳೂರು ಎಂಬ ಹೆಸರು ಬರುತ್ತದೆ. ಬಿ.ಎಲ್. ರೈಸ್ 1886ರಿಂದ ಹೊರತರತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ತಾಲ್ಲೂಕುವಾರು ದಾಖಲಾಗಿವೆ. ಅವುಗಳನ್ನು ಕೈಯಲ್ಲಿ ಹಿಡಿದು ತಮ್ಮ ಊರಿನ ಕಲ್ಲನ್ನು ಹುಡುಕಿಕೊಂಡು ಹೋಗುವವರು, ಅದಕ್ಕಾಗಿ ಹಳಗನ್ನಡದ ಅಕ್ಷರಗಳನ್ನು ಒಂದೊಂದಾಗಿ ಕಲಿಯುವವರು ಈಗ ಅಲ್ಲಲ್ಲಿ ಇದ್ದಾರೆ. ಮಣ್ಣು ಹತ್ತಿ ಮಾಸಿದ ಕಲ್ಲಿನ ಮೇಲೆ ಓರೆಯಾದ ಬೆಳಕು ಬೀಳುವ ಹೊತ್ತಿಗೆ ಹೋದರೆ ಅಕ್ಷರದ ಅಂಚುಗಳ ನೆರಳು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಕಲ್ಲು ಬೋಳು. ಅಂಥವರಿಗೆ ಕಲಿಕೆ ಮತ್ತು ತಿರುಗಾಟ ಒಂದೇ ಕೆಲಸ. ಇಲ್ಲಿ ಯಾರದೋ ಮನೆಯ ಹಿತ್ತಿಲಿನ ಕಲ್ಲು ಒಬ್ಬ ಸತ್ತ ಮನುಷ್ಯನ ಹೆಸರನ್ನು ಮರಳಿ ಪಡೆಯುತ್ತದೆ, ಮತ್ತು ಆ ಹೆಸರನ್ನು ಓದಿದವರಿಗೆ ಅದರಿಂದ ಲಾಭವೇನೂ ಇಲ್ಲ.

ಹೊಸದನ್ನು ಏಕೆ ಹಿಡಿಯಬೇಕು, ಗೊತ್ತಿರುವುದನ್ನೇ ಚೆನ್ನಾಗಿ ಮಾಡಿಕೊಂಡಿದ್ದರೆ ಸಾಲದೇ ಎಂಬ ಪ್ರಶ್ನೆ ಉಳಿಯುತ್ತದೆ. ಸ್ವಧರ್ಮದ ಕಟ್ಟುನಿಟ್ಟಿನ ವ್ಯಾಖ್ಯಾನ ಸಾಕು ಎನ್ನುತ್ತದೆ. ಅದಕ್ಕೆ ಎದುರು ನಿಲ್ಲುವ ಬದುಕು ಶಿವರಾಮ ಕಾರಂತರದು (1902–1997). ಕಾದಂಬರಿಕಾರರೆಂದು ಹೆಸರಾದ ಅವರು ಚಿತ್ರವನ್ನೂ ಬರೆದರು, ಮೂಕಿಚಿತ್ರಗಳ ಕಾಲದಲ್ಲಿ ಸಿನಿಮಾ ತೆಗೆದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು, ಯಕ್ಷಗಾನವನ್ನು ಹೊಸದಾಗಿ ಕಟ್ಟಿ ತಾವೇ ಕುಣಿದರು, ವಿಜ್ಞಾನ ವಿಶ್ವಕೋಶ ಬರೆದರು, ತೊಂಬತ್ತರ ಗಡಿ ದಾಟಿದ ಮೇಲೆ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ದೇವರ ಬಗ್ಗೆ ಖಚಿತವಾಗಿ ಏನನ್ನೂ ಹೇಳಲು ಒಪ್ಪದ ಕಾರಂತರಿಗೆ ಲೀಲೆಯ ವೇದಾಂತ ಬೇಕಿರಲಿಲ್ಲ. ಬದುಕನ್ನು ಮುಟ್ಟಿ ನೋಡಿಯೇ ಅರಿಯಬೇಕು, ಒಂದು ಕಸುಬಿನೊಳಗೆ ನಿಂತವನಿಗೆ ಬದುಕಿನ ಒಂದೇ ಮಗ್ಗುಲು ಕಾಣುತ್ತದೆ ಎಂಬ ನಂಬಿಕೆ ಅವರ ಕೆಲಸಗಳಲ್ಲೆಲ್ಲ ಇದೆ. ಹೊಸ ವಿದ್ಯೆಗೆ ಕೈ ಹಾಕಿದವನು ಮತ್ತೆ ಅರಿಯದವನಾಗುತ್ತಾನೆ. ತನ್ನ ವೃತ್ತಿಯಲ್ಲಿ ಹಿರಿಯನಾದ ವೈದ್ಯ ಕುಂಬಾರನ ತಿಗರಿಯ ಮುಂದೆ ಕೂತಾಗ ಮಣ್ಣು ಅವನ ಹಿರಿತನಕ್ಕೆ ಮಣಿಯುವುದಿಲ್ಲ. ಎಲ್ಲ ಧರ್ಮಗಳೂ ಸಾಧಕನಿಂದ ಬಯಸುವ ವಿನಯ ಇಲ್ಲಿ ಉಪದೇಶವಿಲ್ಲದೆ ಬರುತ್ತದೆ. ಕಲಿಸುವವರಿಗೂ ಇದರಿಂದ ಸಿಗಬೇಕಾದ ಗೌರವ ಸಿಗುತ್ತದೆ. ಕುಂಬಾರಿಕೆ ಎಷ್ಟು ಕಷ್ಟವೆಂದು ಅರಿತವರು ಮಡಕೆಗೆ ಚೌಕಾಸಿ ಮಾಡುವುದು ಕಡಿಮೆ.

ಹವ್ಯಾಸ ಕೆಡುವ ದಾರಿಗಳೂ ಇವೆ. ರಂಗೋಲಿ ಬಹುಮಾನದ ಸ್ಪರ್ಧೆಗೆ ಹೋದಾಗ, ನಡಿಗೆ ಮೊಬೈಲಿನ ಹೆಜ್ಜೆಯ ಲೆಕ್ಕವಾದಾಗ, ಗುಡ್ಡದ ತುದಿ ಫೋಟೋದ ಹಿನ್ನೆಲೆ ಮಾತ್ರವಾದಾಗ ಬಿಟ್ಟುಬಂದ ಪ್ರಯೋಜನ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಸ್ಪರ್ಧೆಯೇ ಕೂಡದೆಂದಲ್ಲ, ಚದುರಂಗದಂಥ ಆಟದ ಜೀವವೇ ಗೆಲ್ಲುವ ಹಟ. ಆದರೆ ಲೆಕ್ಕ ನಿಂತ ಕೂಡಲೇ ಕೆಲಸವೂ ನಿಲ್ಲುವುದಾದರೆ ಅದು ಆಗಲೇ ಇನ್ನೊಂದು ದುಡಿಮೆಯಾಗಿದೆ.

ಕೊನೆಯ ಪ್ರಶ್ನೆ ಬಿಡುವು ಯಾರದು ಎಂಬುದು. ಸೋಮೇಶ್ವರ ಬೆಳದಿಂಗಳಲ್ಲಿ ಆಡಿದಾಗ ಅಡುಗೆಯವರು, ಪಲ್ಲಕ್ಕಿ ಹೊರುವವರು, ಕಾವಲಿನವರು ಕೆಲಸದಲ್ಲೇ ಇದ್ದಿರಬೇಕು. ಇಂದಿನ ಮನೆಗಳಲ್ಲೂ ಭಾನುವಾರದ ವಿಹಾರಕ್ಕೆ ಬುತ್ತಿ ಕಟ್ಟುವ ಹೆಂಗಸಿಗೆ ಶನಿವಾರದ ರಾತ್ರಿಯೂ ಭಾನುವಾರದ ನಸುಕೂ ದುಡಿಮೆಯ ಹೊತ್ತುಗಳು. ಹಿಂದಿರುಗಿ ಬಂದ ಮೇಲೆ ಪಾತ್ರೆಗಳು ಕಾದಿರುತ್ತವೆ. ಎರಡು ಪಾಳಿಯಲ್ಲಿ ದುಡಿಯುವ ಕಾರ್ಮಿಕನಿಗೆ ಹವ್ಯಾಸ ಹಿಡಿ ಎನ್ನುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಷ್ಟೇ ಕ್ರೂರ. ಲಕ್ಕಮ್ಮನ ಸಾಕು ಎಂಬ ಮಾತು ಇರುವವರು ತಮಗೆ ಹೇಳಿಕೊಳ್ಳಬೇಕಾದದ್ದೇ ಹೊರತು ಇಲ್ಲದವರಿಗೆ ಹೇಳಬೇಕಾದದ್ದಲ್ಲ. ಆಕೆ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ್ದು ತನ್ನ ಮನೆಯಿಂದ, ನೆರೆಯವರ ಮನೆಯಿಂದಲ್ಲ. ಹೀಗೆ ಹವ್ಯಾಸದ ತತ್ತ್ವ ಮನೆಗೆಲಸ ಯಾರು ಮಾಡುತ್ತಾರೆ, ದುಡಿಮೆಯ ಗಂಟೆಗಳು ಎಷ್ಟು, ಊರ ಕೆರೆಯ ಏರಿ ನಡೆಯಲು ತೆರೆದಿದೆಯೇ, ಹಳ್ಳಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸಂಜೆ ದೀಪ ಉರಿಯುತ್ತದೆಯೇ ಎಂಬ ವಿಚಾರಗಳಿಗೆ ಬಂದು ಸೇರುತ್ತದೆ. ಅವು ವೇದಾಂತದ ಭಾಷ್ಯಗಳಲ್ಲಿ ಇಲ್ಲ. ಪಂಚಾಯಿತಿಯ ಸಭೆಯಲ್ಲಿ, ಕಾರ್ಮಿಕ ಕಾನೂನಿನಲ್ಲಿ, ಪ್ರತಿ ಮನೆಯ ಅಡುಗೆಕೋಣೆಯಲ್ಲಿ ತೀರ್ಮಾನವಾಗಬೇಕಾದವು.